ಮಲ್ಲಿಗೆ ಗಿಡ ಬಾಡಿದೆಯೇ? ನೀರು ಹಾಕೋ ಮುಂಚೆ ಬುಡ ಕೆದಕಿ ನೋಡಿ

"ಎರಡು ಹೊತ್ತೂ ನೀರು ಹುಯ್ತಾ ಇವ್ನಿ ಕಣಣ್ಣ, ಆದ್ರೂ ತಲೆ ಎತ್ತುತ್ತಿಲ್ಲ." ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಒಬ್ಬ ಅಕ್ಕ ಹಿತ್ತಲಿನ ದುಂಡುಮಲ್ಲಿಗೆ ತೋರಿಸಿ ಹೇಳಿದ ಮಾತಿದು. ಆರು ವರ್ಷದ ಗಿಡ. ಪಂಚಲಿಂಗೇಶ್ವರನಿಗೆ ಕೊಟ್ಟು, ಮನೆಯವರು ಮುಡಿದು, ಮಿಕ್ಕಿದ್ದನ್ನು ಮೊಳದ ಲೆಕ್ಕದಲ್ಲಿ ಮಾರಿ ಕೈಖರ್ಚಿಗೆ ಮಾಡಿಕೊಳ್ಳುತ್ತಿದ್ದರು. ಪಕ್ಕದ ಗಿಡ ಆಗಲೇ ಹೀಗೇ ಬಾಡಿ ಒಣಗಿಹೋಗಿತ್ತು.

ಹೊಸ ಸಸಿ ಬಾಡಿದರೆ ಹೆಚ್ಚಾಗಿ ನೀರಿನ ಕೊರತೆ. ಬೇರೂರಿದ ಹಳೇ ಗಿಡದ ಲೆಕ್ಕ ಬೇರೆ. ಎಲೆಗೆ ನೀರು ತಲುಪುತ್ತಿಲ್ಲ ಅನ್ನೋದಷ್ಟೇ ಖಚಿತ. ಮಣ್ಣಲ್ಲಿ ನೀರಿಲ್ಲವೋ, ಬೇರು ಹೀರುತ್ತಿಲ್ಲವೋ, ಕಾಂಡದಲ್ಲಿ ದಾರಿ ಕಟ್ಟಿದೆಯೋ ಎಂಬುದನ್ನು ನಾವೇ ಪತ್ತೆ ಮಾಡಬೇಕು.

ಮಧ್ಯಾಹ್ನ ಸೊರಗಿ ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನ ಆಯಾಸ, ಗಾಬರಿ ಬೇಡ. ಬೆಳಗಿನ ತಂಪಲ್ಲೂ ಎಲೆ ಜೋತುಬಿದ್ದಿದ್ದರೆ ಬುಡದ ಪಕ್ಕ ಒಂದು ಗೇಣು ಅಗೆದು ಮಣ್ಣು ಹಿಂಡಿ ನೋಡಿ. ಪುಡಿಪುಡಿಯಾದರೆ ನೀರು ಕೊಡಿ. ಒದ್ದೆ ಮುದ್ದೆಯಾದರೆ ಇನ್ನೊಂದು ಚೊಂಬು ನೀರೂ ಬೇಡ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯೆಲ್ಲ ನೀರು ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಬೇರು ಕೊಳೆತಷ್ಟೂ ಗಿಡ ಬಾಡುತ್ತದೆ, ಬಾಡಿದಷ್ಟೂ ನಾವು ನೀರು ಹಾಕುತ್ತೇವೆ!

ಆ ಅಕ್ಕನ ಗಿಡದಲ್ಲಿ ಆಗಿದ್ದೂ ಇದೇ. ಅಗೆದಾಗ ಕೊಳೆತ ವಾಸನೆ ಬಂತು. ಬೇರನ್ನು ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬಂತು. ಪಾತ್ರೆ ತೊಳೆದ ನೀರು ಹರಿಯುವ ಕಾಲುವೆ ಹೂಳು ತುಂಬಿ, ನೀರೆಲ್ಲ ಗಿಡದ ಬುಡಕ್ಕೆ ತಿರುಗಿತ್ತು. ಒಣಗಿದ ಗಿಡದ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಸಾಸಿವೆ ಕಾಳಿನಂಥ ಕಂದು ಉಂಡೆಗಳೂ ಇದ್ದವು. ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಆ ಉಂಡೆಗಳು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಹಾಗಾಗಿ ಅದೇ ಗುಂಡಿಯಲ್ಲಿ ಮತ್ತೆ ಮಲ್ಲಿಗೆ ನೆಡಬೇಡಿ.

ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟೆವು. ಕಾಲುವೆ ಬಿಡಿಸಿ ನೀರು ಆಚೆ ತಿರುಗಿಸಿದೆವು. ಬದುಕಿದ್ದ ಗಿಡದ ರೆಂಬೆಗಳನ್ನು ಮೂರನೇ ಒಂದು ಭಾಗ ಸವರಿದೆವು. ಉಳಿದಿರೋ ಬೇರು ಅಷ್ಟು ಎಲೆ ಸಾಕಲಾರದು. ಲೀಟರ್ ನೀರಿಗೆ 2.5 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿದೆವು. 15 ದಿನ ಬಿಟ್ಟು ಟ್ರೈಕೋಡರ್ಮ ಬೆರೆಸಿದ ಕೊಟ್ಟಿಗೆ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಬೇಡಿ, ತಾಮ್ರದ ಔಷಧಿ ಟ್ರೈಕೋಡರ್ಮಕ್ಕೂ ಪೆಟ್ಟು ಕೊಡುತ್ತೆ.

ನಿಮ್ಮ ಗಿಡದ ಕಥೆ ಬೇರೆ ಇರಬಹುದು. ಒಂದೇ ರೆಂಬೆ ಬಾಡಿದ್ದರೆ ಕತ್ತರಿಸಿ ಸೀಳಿ ನೋಡಿ: ಟೊಳ್ಳಾಗಿ ಹಿಕ್ಕೆ ತುಂಬಿದ್ದರೆ ಕಾಂಡಕೊರಕ, ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗದ ಅನುಮಾನ. ಬೇರು ಕಡಿದಂತಿದ್ದರೆ ಗೊಣ್ಣೆಹುಳು. ಗಂಟುಗಂಟಾಗಿದ್ದರೆ ಜಂತುಹುಳು, ಕನಕಾಂಬರದಲ್ಲಿ ಇದರ ಕಾಟ ಹೆಚ್ಚು. ಹೋದ ವಾರ ಬುಡಕ್ಕೇ ಯೂರಿಯಾ ಸುರಿದು ಎಲೆಯಂಚು ಸುಟ್ಟಿದ್ದರೆ ಮಾತ್ರ, ನೀರು ಬಸಿದುಹೋಗುವ ಜಾಗವಾದರೆ, ಧಾರಾಳವಾಗಿ ನೀರು ಹಾಯಿಸಿ ಗೊಬ್ಬರ ತೊಳೆಯಿರಿ.

ತಿಳಿಯದಿದ್ದರೆ ಬೇರು, ಬುಡದ ಮಣ್ಣು ಸಮೇತ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ವಾಟ್ಸ್ಆ್ಯಪ್‌ನಲ್ಲಿ ಬರೀ ಎಲೆ ಫೋಟೋ ಕಳಿಸಿದರೆ ಯಾರಿಗೂ ಹೇಳೋಕಾಗಲ್ಲ.

ಗೋವಿಂದನಹಳ್ಳಿಯ ಗಿಡ ತಿಂಗಳಾಗುವಷ್ಟರಲ್ಲಿ ಬುಡದ ಹತ್ತಿರ ನಾಲ್ಕು ಚಿಗುರು ಬಿಟ್ಟಿದೆ. ಹೂವಿಗೆ ಮುಂದಿನ ಬೇಸಿಗೆವರೆಗೂ ಕಾಯಬೇಕು.