ಹೇಳಿ ಬರೆಸಿದಾಕೆಯ ಅಚ್ಚುಕೂಟ

ಮಧ್ಯಾಹ್ನದ ಊಟದ ಪಾತ್ರೆ ತೊಳೆದಾಯಿತೆಂದರೆ ನಮ್ಮ ಮೇಲಿನ ಮನೆಯ ಅಕ್ಕ ಒಗೆದ ಬಟ್ಟೆ ಮಡಚುತ್ತ ಮಾತಾಡಲು ಶುರು ಮಾಡುತ್ತಾರೆ. ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ಈ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ತಂಗಿಯೊಂದಿಗೋ ಗೆಳತಿಯೊಂದಿಗೋ ಫೋನಿನಲ್ಲಿದ್ದಾರೆ ಅಂದುಕೊಂಡಿದ್ದೆ. ಮೆಟ್ಟಿಲು ಹತ್ತುವಾಗ ಕಿವಿಗೆ ಬೀಳುತ್ತಿದ್ದ ಮಾತುಗಳೂ ಹಾಗೇ ಇದ್ದವು. ಅವನು ಬಾಗಿಲಲ್ಲೇ ನಿಂತನಂತೆ, ಇವಳು ತಲೆ ಎತ್ತಲಿಲ್ಲವಂತೆ, ಕಾಫಿ ಆರಿಹೋಯಿತಂತೆ. ಯಾರದೋ ಮನೆಯ ಜಗಳ ಇರಬೇಕು, ಪಾಪ, ಅನಿಸಿತ್ತು. ಅಕ್ಕ ಕಾದಂಬರಿ ಬರೆಯುತ್ತಿದ್ದಾರೆ ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಫೋನಿನಲ್ಲಿ ಮೈಕಿನ ಗುರುತು ಒತ್ತಿ, ಅದನ್ನು ಬಟ್ಟೆಯ ರಾಶಿಗೆ ಒರಗಿಸಿಟ್ಟು, ತಮಿಳಿನಲ್ಲಿ ಕತೆ ಹೇಳುತ್ತಾ ಹೋಗುತ್ತಾರೆ. ಅದು ಅಕ್ಷರವಾಗುತ್ತಾ ಹೋಗುತ್ತದೆ. ಟೈಪು ಮಾಡಲು ಕೂತರೆ ಬೆರಳು ಹಿಂದೆ ಬೀಳುತ್ತದೆ, ಅಷ್ಟರಲ್ಲಿ ಪಾತ್ರಗಳು ಮುಂದೆ ಹೋಗಿಬಿಟ್ಟಿರುತ್ತವೆ ಅನ್ನುವುದು ಅವರ ಅನುಭವ. ಫೋನು ಪೂರ್ಣವಿರಾಮ ಹಾಕುವುದಿಲ್ಲ, ನಾಯಕಿಯ ಹೆಸರನ್ನು ನಾಲ್ಕು ಸಲ ನಾಲ್ಕು ಬಗೆಯಲ್ಲಿ ಕೇಳಿಸಿಕೊಳ್ಳುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಕೂತು ಒಂದೊಂದೇ ಸಾಲು ತಿದ್ದುತ್ತಾರೆ. ವಾರಕ್ಕೆ ಎರಡು ಕಂತು. ಸೋಮವಾರ ಮತ್ತು ಗುರುವಾರ ರಾತ್ರಿ ಒಂಬತ್ತರೊಳಗೆ ಪ್ರತಿಲಿಪಿ ಎಂಬ ಕತೆಗಳ ಆ್ಯಪಿನಲ್ಲಿ ಹಾಕಲೇಬೇಕು. ಹಾಕದಿದ್ದರೆ ಯಾರೂ ಬೈಯುವುದಿಲ್ಲ. ಆದರೆ ಕಾಯುತ್ತಿರುವವರು ಇದ್ದಾರೆ ಅನ್ನುವುದು ಅವರಿಗೆ ಗೊತ್ತು.

ಅಕ್ಕನ ಈ ಪದ್ಧತಿ ಕಂಡಾಗಿನಿಂದ ನನಗೆ ಇದೇ ತಿರುವಲ್ಲಿಕ್ಕೇಣಿಯಲ್ಲಿ ನೂರು ವರ್ಷದ ಹಿಂದೆ ಕತೆ ಹೇಳಿ ಬರೆಸಿದ ಇನ್ನೊಬ್ಬಾಕೆಯ ನೆನಪು ಬಿಡದು. ವೈ.ಮು. ಕೋದೈನಾಯಕಿ ಅಮ್ಮಾಳ್. ಕನ್ನಡದಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ತಮಿಳು ಓದುಗರು ಅವರನ್ನು ಕಾದಂಬರಿಗಳ ರಾಣಿ ಎಂದು ಕರೆದರು. ಕೋದೈ ಅಂದರೆ ಆಂಡಾಳ್, ನಮ್ಮ ಗೋದಾದೇವಿ. ಪ್ರೀತಿಯನ್ನು ಹಾಡಿದವಳ ಹೆಸರು ಹೊತ್ತ ಈಕೆ 115 ಕಾದಂಬರಿ ಬರೆದರು. ಅವನ್ನು ತಮ್ಮದೇ ಪತ್ರಿಕೆಯಲ್ಲಿ ಕಂತುಕಂತಾಗಿ ತಂದು, ಮುಂದೆ ತಮ್ಮದೇ ಅಚ್ಚುಕೂಟದಲ್ಲಿ ಅಚ್ಚು ಹಾಕಿಸಿದರು.

1901ರ ಡಿಸೆಂಬರ್ 1ರಂದು ಹುಟ್ಟಿದ ಮಗು. ವರ್ಷ ತುಂಬುವ ಹೊತ್ತಿಗೆ ತಾಯಿ ಇಲ್ಲ. ಐದು ದಾಟಿದ ಮೇಲೆ ಮದುವೆ, ವರ ಪಾರ್ಥಸಾರಥಿಗೆ ಒಂಬತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕತೆ ಹೇಳುವುದು ಬರುತ್ತಿತ್ತು. ಮನೆಯ ಮಕ್ಕಳನ್ನೂ ನೆರೆಹೊರೆಯ ಮಕ್ಕಳನ್ನೂ ಕೂರಿಸಿಕೊಂಡು, ಕೇಳಿದ ಕತೆ ಮುಗಿದ ಮೇಲೆ ಕಟ್ಟಿದ ಕತೆ ಹೇಳುತ್ತಿದ್ದರು. ಗಂಡ ನಾಟಕಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ನೋಡಿ ಬಂದ ಮೇಲೆ ಒಂದು ನಾಟಕವನ್ನು ತಾನೇ ಕಟ್ಟಬೇಕೆಂಬ ಆಸೆ ಹುಟ್ಟಿತು. ಅಕ್ಷರ ಕೈಗೆ ಹತ್ತಿರಲಿಲ್ಲ. ಹಾಗಾಗಿ ಈಕೆ ಹೇಳುತ್ತಾ ಹೋದರು, ಗೆಳತಿ ಪಟ್ಟಮ್ಮಾಳ್ ಬರೆದುಕೊಳ್ಳುತ್ತಾ ಹೋದರು. 'ಇಂದಿರ ಮೋಹನ' ಎಂಬ ಆ ನಾಟಕ 1924ರಲ್ಲಿ ಅಚ್ಚಾಯಿತು. ಬರೆಯುವುದನ್ನು ಆ ಗೆಳತಿಯಿಂದಲೇ ಆಮೇಲೆ ಕಲಿತರು.

ಇದನ್ನು ಯೋಚಿಸಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಪಟ್ಟಮ್ಮಾಳ್ ಅವರ ಕೈ. ಹೇಳುವವರ ವೇಗಕ್ಕೆ ಓಡಬೇಕು, ಅರ್ಥವಾಗದ ಕಡೆ ತಡೆದು ಕೇಳಬೇಕು. ಕಾದಂಬರಿಗಾರ್ತಿಗೆ ಸಿಕ್ಕ ಮೊದಲ ಓದುಗರೂ ಅವರೇ, ಮೊದಲ ಸಂಪಾದಕಿಯೂ ಅವರೇ. ಕೇಳುವವರ ಮುಖ ನೋಡುತ್ತಾ ಕಟ್ಟಿದ ಕತೆಗೆ ಬೇರೊಂದು ಗುಣ ಬರುತ್ತದೆ. ಕೋದೈನಾಯಕಿಯವರ ಕಾದಂಬರಿಗಳಲ್ಲಿ ವರ್ಣನೆಗಿಂತ ಮಾತುಕತೆಯೇ ಮುಂದು. ಜನ ಬಂದು ನೇರವಾಗಿ ಮಾತಾಡಲು ಶುರು ಮಾಡುತ್ತಾರೆ, ಯಾರು ಏನು ಎಂಬುದು ಆಮೇಲೆ ತಿಳಿಯುತ್ತದೆ. ಮೆಟ್ಟಿಲ ಮೇಲೆ ನಿಂತು ಕೇಳಿದ ನನಗೆ ಆದದ್ದೂ ಅದೇ.

ನಾಟಕದ ಬೆನ್ನಿಗೇ 'ವೈದೇಹಿ' ಕಾದಂಬರಿ. ಆಗ ತಮಿಳಿನಲ್ಲಿ ಪತ್ತೇದಾರಿ ಕಾದಂಬರಿಗಳ ಸುಗ್ಗಿ. ಅವುಗಳ ದೊಡ್ಡ ಹೆಸರು ವಡುವೂರ್ ದುರೈಸ್ವಾಮಿ ಅಯ್ಯಂಗಾರ್, ಮಾಸಿಕದಲ್ಲಿ ಕತೆ ಹರಿಸಿ ಓದುಗರನ್ನು ಕಟ್ಟಿಕೊಂಡವರು. ಅವರು ಈಕೆಗೆ ಪ್ರೋತ್ಸಾಹ ಕೊಟ್ಟರು. 'ಜಗನ್ಮೋಹಿನಿ' ಎಂಬ ಮಾಸಪತ್ರಿಕೆ ನಿಂತುಹೋಗಿತ್ತು. 1925ರಲ್ಲಿ ಕೋದೈನಾಯಕಿ ಅದನ್ನು ಕೊಂಡುಕೊಂಡರು. ಆಗ ಅವರಿಗೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು. ಕತೆಯನ್ನು ಯಾರಾದರೂ ಒಪ್ಪಲಿ ಎಂದು ಕಾಯುವ ಬದಲು, ಕತೆ ಇಳಿಯುವ ಜಾಗವನ್ನೇ ಕೊಂಡದ್ದು ಸಣ್ಣ ಧೈರ್ಯವಲ್ಲ. ಇಂದು ಸ್ವಂತ ಪ್ರಕಾಶನ ಅನ್ನುವಾಗ ಒಬ್ಬರೇ ಕೂತು ಒಂದು ಗುಂಡಿ ಒತ್ತುವ ಚಿತ್ರ ಬರುತ್ತದೆ. ಅಂದು ಅದು ಒಂದು ಮನೆ ತುಂಬಾ ಕೆಲಸ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಮಾಸಪತ್ರಿಕೆಯ ತಿಂಗಳು ಹೇಗಿರುತ್ತಿತ್ತು ಎಂದು ಹಳೆಯ ಅಚ್ಚುಕೂಟ ಕಂಡವರು ಬಲ್ಲರು. ಕೈಬರಹ ಕಂಪೋಸಿಟರ್ ಮುಂದೆ ಹೋಗುತ್ತದೆ. ಅವರು ಕೇಸಿನ ಮನೆಮನೆಯಿಂದ ಒಂದೊಂದೇ ಮೊಳೆ ಆರಿಸಿ ಸ್ಟಿಕ್ಕಿನಲ್ಲಿ ಸಾಲು ಕೂಡಿಸುತ್ತಾರೆ. ತಮಿಳಿಗೆ ನಮ್ಮಷ್ಟು ಮೊಳೆ ಬೇಡ, ಒತ್ತಕ್ಷರದ ಕಾಟ ಇಲ್ಲ. ಆದರೂ ಒಂದು ಪುಟಕ್ಕೆ ಗಂಟೆಗಳು ಹಿಡಿಯುತ್ತವೆ. ಗ್ಯಾಲಿಯ ಮೇಲೆ ಮಸಿ ಸವರಿ ತೆಗೆದ ಕರಡು ಮನೆಗೆ ಬರುತ್ತದೆ. ತಿದ್ದಿ ಕಳಿಸಬೇಕು. ಎಂಟೋ ಹದಿನಾರೋ ಪುಟ ಸೇರಿದರೆ ಒಂದು ಫಾರಂ. ಅದು ಅಚ್ಚಾದ ಕೂಡಲೇ ಮೊಳೆಗಳನ್ನು ಬಿಡಿಸಿ ಮತ್ತೆ ಕೇಸಿಗೆ ಹಂಚಿಬಿಡುತ್ತಾರೆ, ಮುಂದಿನ ಫಾರಂಗೆ ಅವೇ ಬೇಕು. ಅಲ್ಲಿಗೆ ಆ ಅಧ್ಯಾಯ ಲೇಖಕಿಯ ಕೈ ತಪ್ಪಿತು. ಮೂರನೇ ಕಂತಿನಲ್ಲಿ ಊರು ಬಿಟ್ಟ ನಾಯಕನನ್ನು ಏಳನೇ ಕಂತಿನಲ್ಲಿ ಬೇಕೆಂದರೆ, ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಅವನು ವಾಪಸು ಬರಲು ಒಂದು ದಾರಿ ಹುಡುಕಬೇಕು. ಕಂತಿನ ಕಾದಂಬರಿಗಳಲ್ಲಿ ಕಾಣೆಯಾದವರು ಹಾಗೆ ಮರಳಿ ಬರುವುದನ್ನು ನೋಡಿ ವಿಮರ್ಶಕರು ಮೂಗು ಮುರಿಯುತ್ತಾರೆ. ಆ ತಿರುವುಗಳ ಹಿಂದೆ ಈ ಮೊಳೆಗಳ ಲೆಕ್ಕವೂ ಇದೆ ಎಂದು ನನಗನಿಸುತ್ತದೆ.

ಅಚ್ಚಾದ ಮೇಲೂ ಕೆಲಸ ಮುಗಿಯದು. ಮಡಿಕೆ, ಹೊಲಿಗೆ, ಹೊರಕವಚ, ಚಂದಾದಾರರ ವಿಳಾಸ ಬರೆದ ಕಾಗದದ ಪಟ್ಟಿ, ಅಂಚೆಚೀಟಿ, ಅಂಚೆಯವನ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯ ಲೆಕ್ಕ. ಇವೆಲ್ಲದರಲ್ಲಿ ಪಾರ್ಥಸಾರಥಿಯವರ ಹೆಗಲಿತ್ತು. ಹೆಂಡತಿ ಬರೆಯುತ್ತಾಳೆ ಅಂದರೆ ಬೀದಿ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಆಕೆಯ ಪಕ್ಕ ನಿಂತ ಗಂಡ ಅವರು. ಜಗನ್ಮೋಹಿನಿ ಸುಮಾರು ಮೂವತ್ತೈದು ವರ್ಷ ಬಾಳಿತು. 115 ಕಾದಂಬರಿಯನ್ನು ಆ ವರ್ಷಗಳಿಗೆ ಹಂಚಿ ನೋಡಿದರೆ ವರ್ಷಕ್ಕೆ ಮೂರಕ್ಕೂ ಹೆಚ್ಚು ಬರುತ್ತದೆ. ಪತ್ರಿಕೆ ನಿಲ್ಲಬಾರದೆಂದರೆ ಕತೆ ನಿಲ್ಲಬಾರದು, ಕತೆ ನಿಲ್ಲಬಾರದೆಂದರೆ ದಿನವೂ ಬರೆಯಬೇಕು. ಸ್ಫೂರ್ತಿಗೆ ಕಾಯುವ ಐಷಾರಾಮ ಅಲ್ಲಿ ಇರಲಿಲ್ಲ.

ಆಕೆ ಬರೀ ಬರಹಗಾರ್ತಿಯಾಗಿ ಮನೆಯಲ್ಲಿ ಕೂತವರೂ ಅಲ್ಲ. 1925ರಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಅವರನ್ನು ಕಂಡು ಬಂದ ಮೇಲೆ ರೇಷ್ಮೆ, ಒಡವೆ ಬಿಟ್ಟು ಖಾದಿ ಉಟ್ಟರು. ಒಳ್ಳೆಯ ಕಂಠ, ಸಭೆಗಳಲ್ಲಿ ಹಾಡುತ್ತಿದ್ದರು, ಭಾಷಣ ಮಾಡುತ್ತಿದ್ದರು. ಹೆಂಡದಂಗಡಿಯ ಮುಂದೆ, ವಿದೇಶಿ ಬಟ್ಟೆಯಂಗಡಿಯ ಮುಂದೆ ಪಿಕೆಟಿಂಗ್ ಮಾಡಿ 1930ರ ದಶಕದ ಆರಂಭದಲ್ಲಿ ಜೈಲಿಗೆ ಹೋದರು. ಅಲ್ಲಿಯೂ ಕಾದಂಬರಿ ಬರೆದರು. 'ಉತ್ತಮಶೀಲನ್' ಜೈಲಿನಲ್ಲಿ ಹುಟ್ಟಿದ್ದು. ವಿಧವೆಯರ ಮರುಮದುವೆ, ವರದಕ್ಷಿಣೆ, ಕುಡಿತ ಇವೆಲ್ಲ ಪ್ರೇಮಕತೆಯ ಎಳೆ ಹಿಡಿದೇ ಅವರ ಪುಟಗಳಿಗೆ ಬಂದವು. ಪ್ರೀತಿಯ ಕತೆ ಅಂದರೆ ಹಗುರ ಓದು ಎಂದು ತಳ್ಳಿಹಾಕುವವರಿದ್ದಾರೆ. ಮದುವೆ ಯಾರು ಗೊತ್ತುಮಾಡಬೇಕು ಎಂಬ ಪ್ರಶ್ನೆ ಎಳೆಯ ವಯಸ್ಸಿನಲ್ಲೇ ಮದುವೆಯಾದವರಿಗೆ ಹಗುರದ್ದಾಗಿರಲು ಸಾಧ್ಯವೇ?

ಸಿನಿಮಾದವರೂ ಆ ಕತೆಗಳ ಬಳಿ ಬಂದರು. 'ರಾಜಮೋಹನ್' 1937ರಲ್ಲಿ, 'ಅನಾಥೈ ಪೆಣ್' 1938ರಲ್ಲಿ ತೆರೆಗೆ ಬಂದವು. 1956ರಲ್ಲಿ ಮಗ ತೀರಿಕೊಂಡ ಪೆಟ್ಟಿನಿಂದ ಆಕೆ ಮತ್ತೆ ಮೊದಲಿನಂತಾಗಲಿಲ್ಲ. 1960ರ ಫೆಬ್ರುವರಿ 20ರಂದು ಕ್ಷಯದಿಂದ ಹೋದರು. 'ದಯಾನಿಧಿ' ಕಾದಂಬರಿ 1966ರಲ್ಲಿ ಪದ್ಮಿನಿ ನಟಿಸಿದ 'ಚಿತ್ತಿ' ಚಿತ್ರವಾದಾಗ ನೋಡಲು ಅವರಿರಲಿಲ್ಲ.

ಕನ್ನಡದ ಓದುಗರಿಗೆ ಇಷ್ಟರಲ್ಲಿ ನಮ್ಮವರೊಬ್ಬರ ನೆನಪಾಗಿರಬೇಕು. ನಂಜನಗೂಡು ತಿರುಮಲಾಂಬ. ಅವರು 1887ರಲ್ಲಿ ಹುಟ್ಟಿದವರು, ಕೋದೈನಾಯಕಿಗಿಂತ ಹದಿನಾಲ್ಕು ವರ್ಷ ಹಿರಿಯರು. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆಯ ಮನೆಯಲ್ಲಿ ಓದಿ ಬೆಳೆದರು. 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿ ತಮ್ಮ 'ಸುಶೀಲೆ' ಕಾದಂಬರಿಯನ್ನು ತಾವೇ ಹೊರತಂದರು. ಮೂರು ವರ್ಷಕ್ಕೆ 'ಕರ್ನಾಟಕ ನಂದಿನಿ' ಪತ್ರಿಕೆ. ಅಂದರೆ ಜಗನ್ಮೋಹಿನಿಗಿಂತ ಒಂದು ದಶಕ ಮೊದಲೇ ಕಪಿಲೆಯ ದಡದಲ್ಲಿ ಒಬ್ಬ ಹೆಣ್ಣುಮಗಳು ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿದ್ದರು. ಗಳಗನಾಥರು ಅಗಡಿಯಿಂದ 'ಸದ್ಬೋಧ ಚಂದ್ರಿಕೆ'ಯಲ್ಲಿ ಕಾದಂಬರಿ ಹರಿಸಿದ್ದು, ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದ್ದು ಶಾಲೆಯಲ್ಲೇ ಕೇಳಿದ ಸಂಗತಿ. ತಿರುಮಲಾಂಬರ ಹೆಸರನ್ನೂ ಅಷ್ಟೇ ಸಲ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಮದರಾಸಿನಲ್ಲಿ ಆಮೇಲೂ ಪ್ರೀತಿಯ ಕಾದಂಬರಿಗಳ ಹರಿವು ಬತ್ತಲಿಲ್ಲ. ಬೀದಿಬೀದಿಯ ಬಾಡಿಗೆ ಪುಸ್ತಕದಂಗಡಿಗಳು ಅದನ್ನು ಕಾಪಾಡಿದವು. 1955ರಲ್ಲಿ ಹುಟ್ಟಿದ ಈಶ್ವರಿ ಲೆಂಡಿಂಗ್ ಲೈಬ್ರರಿ ಅವುಗಳಲ್ಲಿ ಹೆಸರುವಾಸಿ. ಅಂಥ ಅಂಗಡಿಗಳಲ್ಲಿ ರಮಣಿಚಂದ್ರನ್ ಅವರ ಪುಸ್ತಕ ಕೇಳಿ ನೋಡಿ, ಮೂಲೆ ಸವೆದ, ಬೆನ್ನಿಗೆ ಕಂದು ಕಾಗದ ಅಂಟಿಸಿದ ಪ್ರತಿಗಳು ಬರುತ್ತವೆ. ನಮ್ಮಲ್ಲಿ ಸಾಯಿಸುತೆಯವರ ಕಾದಂಬರಿ ಕೈಯಿಂದ ಕೈಗೆ ಹೋದ ಹಾಗೆ. ಬಸ್ ನಿಲ್ದಾಣ, ರೈಲು ನಿಲ್ದಾಣದ ಅಂಗಡಿಗಳಲ್ಲಿ ನೇತಾಡುತ್ತಿದ್ದ ತಿಂಗಳ ಕಾದಂಬರಿಗಳದ್ದು ಇನ್ನೊಂದು ಲೋಕ. ಚೆನ್ನೈಯ ಬ್ಲಾಫ್ಟ್ ಪ್ರಕಾಶನ 2008ರಲ್ಲಿ ಅಂಥ ಬರಹಗಳನ್ನು ಆರಿಸಿ ಇಂಗ್ಲಿಷಿಗೆ ತಂದ ಮೇಲೆ ಹೊರಗಿನವರೂ ಅತ್ತ ತಿರುಗಿ ನೋಡಿದರು.

ಈಗಿನದು ಫೋನಿನ ಕಾಲ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ತಮಿಳೂ ಉಂಟು, ಕನ್ನಡವೂ ಉಂಟು. ಚೆನ್ನೈಯಲ್ಲೇ ನೆಲೆಗೊಂಡ ನೋಶನ್ ಪ್ರೆಸ್, ಸ್ವಂತ ಪುಸ್ತಕ ತರುವವರಿಗೆ ಬೇಕಾದಾಗ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡುತ್ತದೆ. ಕಿಂಡಲಿನದು ಮಾತ್ರ ನನಗೆ ಈಗಲೂ ನೋವಿನ ವಿಷಯ. 2016ರ ಡಿಸೆಂಬರಿನಲ್ಲಿ ಅದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದೂ ಒಳಗೆ ಹೋದವು, ಕನ್ನಡ ಹೊರಗುಳಿಯಿತು. ಮೇಲಿನ ಮನೆಯ ಅಕ್ಕ ಕಂತುಗಳನ್ನು ಕೂಡಿಸಿ, ತಮ್ಮ ಅಕ್ಕನ ಮಗಳ ಕೈಯಲ್ಲಿ ಮುಖಪುಟ ಮಾಡಿಸಿ, ಕಾದಂಬರಿಯನ್ನು ಕಿಂಡಲಿನಲ್ಲಿ ಮಾರಾಟಕ್ಕಿಟ್ಟ ದಿನ ನನಗೂ ಪಾಯಸ ಸಿಕ್ಕಿತು. ತಿಂಗಳ ಬಾಡಿಗೆ ಕಟ್ಟಿ ಓದುವ ಚಂದಾದಾರರು ತಿರುವಿದ ಪುಟದ ಲೆಕ್ಕದಲ್ಲಿ ಅಲ್ಲಿ ಹಣ ಬರುತ್ತದೆ. ಯಾವ ದಿನ ಎಷ್ಟು ಪುಟ ಓದಿಸಿಕೊಂಡಿತು ಅನ್ನುವುದನ್ನು ಅಕ್ಕ ಬೆಳಿಗ್ಗೆ ಹಾಲು ಕಾಯಿಸುವಾಗ ನೋಡುತ್ತಾರೆ. ಅದರಲ್ಲಿ ಸಂಪಾದನೆ ಎಷ್ಟು ಎಂದು ನಾನು ಕೇಳಲಿಲ್ಲ. ಗ್ಯಾಸಿನ ದುಡ್ಡು ನನ್ನದೇ ಎಂದು ಒಮ್ಮೆ ತಾವಾಗಿ ಹೇಳಿದರು, ಹೇಳುವಾಗ ಮುಖ ಅರಳಿತ್ತು.

ಅವರ ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದೆ. ಪಾತ್ರಗಳ ಹೆಸರು, ವಯಸ್ಸು, ಯಾರಿಗೆ ಯಾರು ಏನಾಗಬೇಕು, ಯಾವ ಕಂತಿನಲ್ಲಿ ಯಾರು ಮುನಿಸಿಕೊಂಡರು. ಪಕ್ಕದಲ್ಲೇ ಹಾಲಿನ ಲೆಕ್ಕ. ಕಂತಿನ ಕೊನೆಯನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಅವರಿಗೆ ದೊಡ್ಡ ಕಷ್ಟ. ಅದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಫೋನಿಗೆ ಕತೆ ಹೇಳುವಾಗ ಅತ್ತೆ ಅದೇ ಕೋಣೆಯಲ್ಲಿ ಹೂ ಕಟ್ಟುತ್ತಾ ಕೂತಿರುತ್ತಾರೆ. ಕಣ್ಣು ಮಂಜಾದ ಮೇಲೆ ಅವರು ಓದುವುದು ಬಿಟ್ಟಿದ್ದಾರೆ, ಕೇಳುವುದು ಬಿಟ್ಟಿಲ್ಲ. ಮೊನ್ನೆ ಗುರುವಾರ ಸ್ವಲ್ಪ ಕರಿಬೇವು ಕೇಳಲು ಮೇಲೆ ಹೋದಾಗ ನಾನೂ ಅಲ್ಲಿ ಹತ್ತು ನಿಮಿಷ ಕೂತೆ. ನಾಯಕಿ ಎಗ್ಮೋರ್ ನಿಲ್ದಾಣದಲ್ಲಿ ರೈಲಿನಿಂದ ಇಳಿದಿದ್ದಳು, ಕರೆದೊಯ್ಯಲು ಬರಬೇಕಾದವನು ಬಂದಿರಲಿಲ್ಲ. ಅಕ್ಕ ಮಾತು ನಿಲ್ಲಿಸಿದರು. ಮಲ್ಲಿಗೆಯ ದಂಡೆಯಿಂದ ಕೈ ತೆಗೆದು ಅತ್ತೆ ತಲೆ ಎತ್ತಿದರು.

'ಅಪ್ಪುರಂ?' ಅಂದರು. ಆಮೇಲೆ?

ಅಕ್ಕ ಮೈಕು ಆರಿಸಿ, ಹಾಳೆಯಲ್ಲಿ ಕಂತಿನ ಸಂಖ್ಯೆಯ ಮುಂದೆ ಗುರುತು ಹಾಕಿ, ನನಗೆ ಕರಿಬೇವು ತರಲು ಎದ್ದರು.