ಈಲಿಯಲ್ಲಿ ಕಂಡದ್ದೆಲ್ಲ ಅರ್ಬುದವಲ್ಲ

ಹೊಟ್ಟೆನೋವೆಂದೋ, ಪಿತ್ತಕೋಶದಲ್ಲಿ ಕಲ್ಲಿರಬಹುದೆಂಬ ಶಂಕೆಯಿಂದಲೋ ಮದ್ದೂರು, ಮಳವಳ್ಳಿಗಳಿಂದ ಮಂಡ್ಯಕ್ಕೆ ಬಂದು ಸ್ಕ್ಯಾನ್ ಮಾಡಿಸಿಕೊಳ್ಳುವವರುಂಟು. ಕೆಲವೊಮ್ಮೆ ಹುಡುಕಿದ ಕಲ್ಲು ಕಾಣದೆ, ‘ಈಲಿಯಲ್ಲಿ ಗಂಟು’ ಎಂಬ ಒಂದು ಸಾಲು ವರದಿಯಲ್ಲಿ ಕಾಣುತ್ತದೆ. ಅಂದಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರದು. ಕಬ್ಬಿನ ಗದ್ದೆ ಮಾರಿಯಾದರೂ ಶಸ್ತ್ರಚಿಕಿತ್ಸೆ ಮಾಡಿಸೋಣವೆಂಬ ಮಾತೂ ಏಳುತ್ತದೆ. ವಾಚಕರೇ, ಗದ್ದೆಯ ಮಾತಿಗೆ ಮೊದಲು ಆ ಸಾಲಿನ ಅರ್ಥವನ್ನು ತಿಳಿಯೋಣ.

ಈಲಿ ಅಚ್ಚಗನ್ನಡದ ಮಾತು, ಸಂಸ್ಕೃತದಲ್ಲಿ ಯಕೃತ್ತು. ಅಲ್ಟ್ರಾಸೌಂಡ್ ಯಂತ್ರವು ಕಿವಿಗೆ ಕೇಳಿಸದ ಶಬ್ದವನ್ನು ದೇಹದೊಳಕ್ಕೆ ಕಳುಹಿಸಿ, ಮರಳಿ ಬರುವ ಮಾರ್ದನಿಯನ್ನು ಚಿತ್ರವಾಗಿಸುತ್ತದೆ. ಮಾರ್ದನಿ ಹೆಚ್ಚಾದಲ್ಲಿ ಬಿಳುಪು, ಇಲ್ಲದಲ್ಲಿ ಕಪ್ಪು. ಅದು ತೋರಿಸುವುದು ಆಕಾರವನ್ನು, ರೋಗದ ಹೆಸರನ್ನಲ್ಲ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗುವ ಸಂಭವ ಇಲ್ಲಿಯೇ.

ಇಂಥ ಹಗ್ಗಗಳಲ್ಲಿ ಮೊದಲನೆಯದು ಹೆಮಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು. ಈಲಿಯ ನಿರಪಾಯ ಗಂಟುಗಳಲ್ಲಿ ಇದೇ ಅತಿ ಸಾಮಾನ್ಯ, ಹೆಂಗಸರಲ್ಲಿ ಹೆಚ್ಚು. ಸಾಮಾನ್ಯವಾಗಿ ಅಂಚು ಸ್ಪಷ್ಟವಾದ ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ರಕ್ತನಾಳಕ್ಕೆ ಔಷಧ ಕೊಟ್ಟು ಸಿ.ಟಿ. ಅಥವಾ ಎಂ.ಆರ್.ಐ. ತೆಗೆದರೆ, ನಾಲೆಯ ನೀರು ಬದುವಿನ ಕಡೆಯಿಂದ ಗದ್ದೆಯ ನಡುವಿಗೆ ಹರಡುವಂತೆ, ಔಷಧವು ಅಂಚಿನಿಂದ ಒಳಕ್ಕೆ ಮೆಲ್ಲನೆ ತುಂಬುತ್ತದೆ. ಇದಕ್ಕೆ ಬಹುಮಟ್ಟಿಗೆ ಚಿಕಿತ್ಸೆಯೇ ಬೇಡ.

ಎರಡನೆಯದು ನೀರುಗುಳ್ಳೆ: ತೆಳುವಾದ ಗೋಡೆ, ಒಳಗೆಲ್ಲ ಅಚ್ಚಕಪ್ಪು. ಮೂರನೆಯದು ಕೊಬ್ಬು. ಈಲಿಯ ಒಂದೆಡೆ ಮಾತ್ರ ಕೊಬ್ಬು ಸೇರಿದರೂ, ಒಂದೆಡೆ ಮಾತ್ರ ಸೇರದೆ ಉಳಿದರೂ ಗಂಟಿನ ಭ್ರಾಂತಿಯಾಗುತ್ತದೆ. ಆದರೆ ರಕ್ತನಾಳಗಳು ಅದರ ಮೂಲಕ ಬಾಗದೆ ನೇರವಾಗಿ ಹಾಯ್ದಿರುತ್ತವೆ, ಅದೇ ಗುರುತು. ನಾಲ್ಕನೆಯದು ಕೀವಿನ ಬಾವು. ಜ್ವರ, ಬಲಪಕ್ಕೆಯ ನೋವು ಇದರ ಲಕ್ಷಣ. ಇದು ಅರ್ಬುದವಲ್ಲ, ಆದರೆ ತಡಮಾಡದೆ ಚಿಕಿತ್ಸೆ ಬೇಕು.

ಯಂತ್ರವನ್ನು ದೂರಬೇಕಾಗಿಲ್ಲ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ 1958ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಬ್ಬ ಹೆಂಗಸಿನ ವೃತ್ತಾಂತವಿದೆ. ಆಕೆಗೆ ವಾಸಿಯಾಗದ ಹೊಟ್ಟೆಯ ಕ್ಯಾನ್ಸರೆಂದು ವೈದ್ಯರು ಬಗೆದಿದ್ದರು. ಈ ಶಬ್ದದ ಪರೀಕ್ಷೆ ಅದು ಅಂಡಾಶಯದ ದೊಡ್ಡ ನೀರುಗುಳ್ಳೆಯೆಂದು ತೋರಿಸಿತು. ಅದನ್ನು ತೆಗೆದರು, ಆಕೆ ಬದುಕಿದಳು.

ಹಾಗೆಂದು ಹಾವನ್ನು ಹಗ್ಗವೆಂದು ಹಿಡಿಯುವುದೂ ತರವಲ್ಲ. ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ಕುಡಿತದಿಂದಲೋ ಬೇರೆ ಕಾರಣದಿಂದಲೋ ಗಟ್ಟಿಯಾದ ಈಲಿ, ಹಿಂದೆ ಬೇರೆಡೆ ಬಂದಿದ್ದ ಕ್ಯಾನ್ಸರು, ಕಾರಣವಿಲ್ಲದೆ ಇಳಿಯುವ ತೂಕ—ಇವುಗಳಲ್ಲಿ ಒಂದಿದ್ದರೂ ಸಣ್ಣ ಗಂಟನ್ನು ಕೂಡ ಉಪೇಕ್ಷಿಸಬಾರದು.

ವರದಿ ಕೈಗೆ ಬಂದಾಗ ಹಳೆಯ ಚಿತ್ರಗಳನ್ನೂ ಜೊತೆಗಿಟ್ಟುಕೊಂಡು ವೈದ್ಯರ ಬಳಿಗೆ ಹೋಗಿರಿ. ಗಂಟಿನ ಅಳತೆಯೆಷ್ಟು, ಹಿಂದಿಗಿಂತ ಬೆಳೆದಿದೆಯೇ, ಮುಂದಿನ ಪರೀಕ್ಷೆ ಯಾವುದು, ಯಾವಾಗ ಎಂದು ಕೇಳಿರಿ. ಉತ್ತರ ಸಿಗುವವರೆಗೆ ಗದ್ದೆಯ ಪತ್ರ ಪೆಟ್ಟಿಗೆಯಲ್ಲಿಯೇ ಇರಲಿ.