ಛಾಯಾಪಟದಲ್ಲಿ ನಕ್ಷತ್ರಗಳು

1984ನೆಯ ಇಸವಿಯ ಫೆಬ್ರವರಿ 7ರಂದು ಚಾಲೆಂಜರ್ ನೌಕೆಯಿಂದ ಹೊರಬಂದ ಬ್ರೂಸ್ ಮೆಕ್‌ಕ್ಯಾಂಡ್ಲೆಸ್ ಎಂಬ ಗಗನಯಾತ್ರಿಯು, ನೌಕೆಗೆ ತಮ್ಮನ್ನು ಬಿಗಿದಿಡುವ ಯಾವ ಹಗ್ಗವೂ ಇಲ್ಲದೆ, ಬೆನ್ನಿಗೆ ಕಟ್ಟಿಕೊಂಡ ಯಂತ್ರವೊಂದನ್ನೇ ನಂಬಿ ಶೂನ್ಯದಲ್ಲಿ ತೇಲುತ್ತಿರುವ ಚಿತ್ರವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೆಳಗೆ ನೀಲಿಯ ಭೂಮಂಡಲ, ನಡುವೆ ಬೆಳ್ಳನೆಯ ಪೋಷಾಕಿನ ಏಕಾಕಿಯಾದ ಮನುಷ್ಯ, ಹಿಂದೆ ಕಾಡಿಗೆಯನ್ನು ಬಳಿದಂಥ ಕಪ್ಪು. ಆ ಕಪ್ಪಿನಲ್ಲಿ ಎಷ್ಟು ಹುಡುಕಿದರೂ ಒಂದು ಚುಕ್ಕೆಯೂ ದೊರೆಯದು. 2012ರಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಿಂದ ಡಾನ್ ಪೆಟ್ಟಿಟ್ ಎಂಬವರು ತೆಗೆದ ಪಟಗಳಲ್ಲಾದರೋ, ನೂರಾರು ತಾರೆಗಳು ಬೆಳ್ಳಿಯ ಗೆರೆಗಳಾಗಿ ಆಕಾಶವನ್ನೆಲ್ಲ ತುಂಬಿವೆ. ಎರಡೂ ಭೂಮಿಯಿಂದ ಕೆಲವು ನೂರು ಕಿಲೋಮೀಟರುಗಳ ಎತ್ತರದಲ್ಲಿಯೇ ತೆಗೆದವು. ಹಾಗಿದ್ದೂ ಒಂದರಲ್ಲಿ ಇಲ್ಲದ ನಕ್ಷತ್ರಗಳು ಇನ್ನೊಂದರಲ್ಲಿ ಎಲ್ಲಿಂದ ಬಂದುವು?

ಹಗಲಿನಲ್ಲಿ ನಕ್ಷತ್ರಗಳನ್ನು ಮರೆಸುವುದು ವಾಯುಮಂಡಲ. ಅದು ಬಿಸಿಲನ್ನು ಚದರಿಸಿ ಆಕಾಶವನ್ನೆಲ್ಲ ನೀಲಿಯ ಬೆಳಕಿನಿಂದ ತುಂಬುತ್ತದೆ. ಆ ಹೊದಿಕೆಯನ್ನು ದಾಟಿ ಮೇಲೇರಿದವರಿಗೆ ಹಗಲಿನಲ್ಲಿಯೂ ಬಾನು ಕಪ್ಪಾಗಿರುವುದರಿಂದ ತಾರೆಗಳು ಕಾಣಲೇಬೇಕಲ್ಲವೆ ಎಂದು ಕೇಳುವವರುಂಟು. ಈ ತರ್ಕದ ಪೂರ್ವಾರ್ಧ ನಿರ್ದುಷ್ಟವಾದುದು. ಆದರೆ ಹಿನ್ನೆಲೆಯು ಕಪ್ಪಾದ ಮಾತ್ರಕ್ಕೆ ಅದರ ಮೇಲಿನ ಮಂದವಾದ ಬೆಳಕು ಪಟದಲ್ಲಿ ಮೂಡುವುದಿಲ್ಲ. ಅದು ಮೂಡುವಷ್ಟು ಹೊತ್ತು ಕ್ಯಾಮೆರಾ ಕಣ್ತೆರೆದಿರಬೇಕು.

ಮಧ್ಯಾಹ್ನದ ಬಿಸಿಲಿನಲ್ಲಿ ದೇವಾಲಯದ ಅಂಗಳವನ್ನು ದಾಟಿ ಗರ್ಭಗೃಹದ ಎದುರಿಗೆ ನಿಂತವನಿಗೆ ಮೊದಲಲ್ಲಿ ನಂದಾದೀಪದ ಕುಡಿಯ ಹೊರತು ಮತ್ತೇನೂ ಕಾಣದು. ಸ್ವಲ್ಪ ಹೊತ್ತು ನಿಂತರೆ ಮೂರ್ತಿಯ ಮುಖ, ಹೂವಿನ ಹಾರ, ಹಿಂದಿನ ಪ್ರಭಾವಳಿ ಇವೆಲ್ಲ ಒಂದೊಂದಾಗಿ ಕತ್ತಲೆಯಿಂದ ಹೊರಬರುತ್ತವೆ. ಕಣ್ಣು ತನ್ನ ಪಾಪೆಯನ್ನು ತಾನೇ ಹಿಗ್ಗಿಸಿಕೊಂಡು ಕಾಯಬಲ್ಲದು. ಕ್ಯಾಮೆರಾಕ್ಕಾದರೆ ಆ ಸಾವಧಾನವನ್ನು ಅದನ್ನು ಹಿಡಿದವನು ಕೊಡಬೇಕು. ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡತಕ್ಕದ್ದೆಂಬುದನ್ನು ಅವನು ಮುಂದಾಗಿ ನಿಶ್ಚಯಿಸಬೇಕು. ಬಿಸಿಲಿನಲ್ಲಿ ಹೊಳೆಯುವ ಮೇಘಗಳನ್ನೋ ಗಗನಯಾತ್ರಿಯ ಬಿಳಿಯ ಉಡುಪನ್ನೋ ಚಿತ್ರಿಸಬೇಕಾದರೆ ಸೆಕೆಂಡಿನ 250ನೆಯ ಒಂದು ಭಾಗದಷ್ಟು ಕಾಲವೇ ಸಾಕು, ಹೆಚ್ಚಾದರೆ ಎಲ್ಲವೂ ಬೆಳ್ಳಗೆ ಬೆಂದುಹೋಗುತ್ತದೆ. ಇರುಳಿನ ತಾರೆಗಳಲ್ಲೆಲ್ಲ ಉಜ್ಜ್ವಲವಾದ ಲುಬ್ಧಕಕ್ಕಿಂತ ನಮ್ಮ ಸೂರ್ಯನು ಸಾವಿರ ಕೋಟಿ ಪಟ್ಟಿಗೂ ಮಿಗಿಲಾಗಿ ಪ್ರಕಾಶಿಸುತ್ತಾನೆ. ಅಂಥವನ ಬಿಸಿಲಿಗೆ ಹೊಂದಿಸಿದ ಆ ಕ್ಷಣಾಂಶದಲ್ಲಿ ನಕ್ಷತ್ರದ ಬೆಳಕು ಒಳಗೆ ಬಾರದೆ ಇರುವುದಿಲ್ಲ. ಬಂದದ್ದು ಗುರುತು ಮೂಡಿಸುವಷ್ಟು ಇರುವುದಿಲ್ಲ, ಅಷ್ಟೆ. ಷಟರನ್ನು 30 ಸೆಕೆಂಡು ತೆರೆದಿಟ್ಟರೆ ಅದರ 7,500 ಪಟ್ಟು ಬೆಳಕು ಸಂಗ್ರಹವಾಗುತ್ತದೆ, ಆಗ ತಾರೆಗಳು ಮೂಡುತ್ತವೆ.

ನಕ್ಷತ್ರಗಳಿಲ್ಲದ ಪಟಗಳನ್ನು ಮುಂದಿಟ್ಟುಕೊಂಡು ಚಂದ್ರಯಾತ್ರೆಯೇ ಕಪಟವೆಂದು ವಾದಿಸುವವರಿಗೆ 1972ರ ಏಪ್ರಿಲಿನ ಅಪೋಲೊ 16ರ ಯಾತ್ರೆಯೇ ಸಾಕಾದ ಉತ್ತರವೆಂದು ನನ್ನ ದೃಢವಾದ ಅಭಿಪ್ರಾಯ. ಆ ಯಾತ್ರಿಕರು ಧ್ವಜದ ಬಳಿ ತೆಗೆದ ಚಿತ್ರಗಳಲ್ಲಿ ಆಕಾಶವು ಬರಿಯ ಕಪ್ಪು. ಆದರೆ ಜಾರ್ಜ್ ಕ್ಯಾರುಥರ್ಸ್ ಎಂಬ ವಿಜ್ಞಾನಿಯು ರಚಿಸಿದ ನೇರಳಾತೀತ ಕ್ಯಾಮೆರಾವೊಂದನ್ನು ಅದೇ ಸ್ಥಳದಲ್ಲಿ, ತಮ್ಮ ನೌಕೆಯ ನೆರಳಿನಲ್ಲಿ ಅವರು ಸ್ಥಾಪಿಸಿದ್ದರು; ಅದರಿಂದ ಹಿಂದಕ್ಕೆ ತಂದ ಫಿಲ್ಮಿನಲ್ಲಿ ತಾರೆಗಳೂ ದೊಡ್ಡ ಮೆಗಲ್ಲನ್ ಮೋಡವೆಂಬ ಗ್ಯಾಲಕ್ಸಿಯೂ ಮೂಡಿವೆ. ಅದೇ ನೆಲ, ಅದೇ ಆಕಾಶ. ಬೇರೆಯಾದದ್ದು ಉಪಕರಣ ಮತ್ತು ಅದರ ಉದ್ದೇಶ.

ಕಕ್ಷೆಯಲ್ಲಿರುವವರಿಗೆ ನೆರಳನ್ನು ಹುಡುಕುವ ಶ್ರಮವಿಲ್ಲ. ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸಂಚರಿಸುವ ನಿಲ್ದಾಣವು ಸುಮಾರು 92 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ಪ್ರತಿಯೊಂದು ಸುತ್ತಿನಲ್ಲಿಯೂ ಸಾಮಾನ್ಯವಾಗಿ ಅರ್ಧ ಗಂಟೆಗಿಂತ ತುಸು ಹೆಚ್ಚು ಕಾಲ ಭೂಮಿಯೇ ಸೂರ್ಯನಿಗೆ ಅಡ್ಡವಾಗಿ ನಿಂತು ರಾತ್ರಿಯನ್ನು ಒದಗಿಸುತ್ತದೆ. ಒಳಗಿನ ದೀಪಗಳು ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸದಂತೆ ಅವನ್ನು ಆರಿಸಿ ಇಲ್ಲವೆ ಮರೆಮಾಡಿ ಕ್ಯಾಮೆರಾವನ್ನು ತೆರೆದಿಟ್ಟರೆ ಕೆಲಸವು ಮುಗಿಯಿತೆನ್ನುವಂತಿಲ್ಲ. ನಿಲ್ದಾಣವು ಭೂಮಿಗೆ ಸದಾ ಒಂದೇ ಮಗ್ಗುಲನ್ನು ತೋರಿಸುತ್ತ ಸುತ್ತುವುದರಿಂದ, ನಮಗೆ ಒಂದು ದಿವಸಕ್ಕೊಮ್ಮೆ ತಿರುಗುವ ನಕ್ಷತ್ರಚಕ್ರವು ಅಲ್ಲಿಯವರಿಗೆ 92 ನಿಮಿಷಗಳಲ್ಲಿಯೇ ತಿರುಗಿಬಿಡುತ್ತದೆ. 30 ಸೆಕೆಂಡಿನಲ್ಲಿ ತಾರೆಯೊಂದು, ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರವನ್ನು ಕ್ರಮಿಸಬಲ್ಲದು. ಚುಕ್ಕೆಯಾಗಬೇಕಾದದ್ದು ಗೆರೆಯಾಗುವುದು ಹೀಗೆ.

ಪೆಟ್ಟಿಟ್ ಅವರು ಈ ದೋಷವನ್ನೇ ಗುಣವನ್ನಾಗಿ ಮಾಡಿಕೊಂಡರು. ಡಿಜಿಟಲ್ ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟರೆ ಅದರ ವಿದ್ಯುತ್ ಗೊಂದಲವೇ ಚಿತ್ರವನ್ನು ಹಿಮ ಬಿದ್ದಂತೆ ಮುಚ್ಚಿಬಿಡುವುದರಿಂದ, 30 ಸೆಕೆಂಡಿನ ಪಟಗಳನ್ನು ಒಂದರ ಬೆನ್ನಿಗೆ ಒಂದರಂತೆ ತೆಗೆದು, ಆ ಬಳಿಕ ಅವನ್ನು ಒಂದರ ಮೇಲೊಂದು ಕೂಡಿಸಿ, 10-15 ನಿಮಿಷಗಳ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿದರು. ಮೇಲೆ ನಕ್ಷತ್ರಗಳ ಕಮಾನುಗಳು. ಕೆಳಗೆ ನಗರದೀಪಗಳ ಉದ್ದನೆಯ ಗೆರೆಗಳು, ಕ್ಷಣಮಾತ್ರ ಬೆಳಗಿ ಆರುವ ಕಾರಣ ಗೆರೆಯಾಗದೆ ಚುಕ್ಕೆಯಾಗಿಯೇ ಉಳಿದ ಮಿಂಚುಗಳು. ಎರಡರ ನಡುವೆ ಸುಮಾರು 100 ಕಿಲೋಮೀಟರು ಎತ್ತರದಲ್ಲಿ ಆಮ್ಲಜನಕವು ಸೂಸುವ ಹಸುರು ಕಾಂತಿಯ ಪಟ್ಟಿ. ಅದೇ ವ್ಯಕ್ತಿ 2024ರ ಸೆಪ್ಟೆಂಬರಿನಲ್ಲಿ ಮರಳಿ ನಿಲ್ದಾಣಕ್ಕೆ ಹೋದಾಗ, ಆಕಾಶದ ಗತಿಗೆ ಅನುಗುಣವಾಗಿ ಕ್ಯಾಮೆರಾವನ್ನು ತಿರುಗಿಸುವ ಸಾಧನವೊಂದನ್ನು ಬಳಸಿ, ಗೆರೆಗಳನ್ನು ಮತ್ತೆ ಚುಕ್ಕೆಗಳನ್ನಾಗಿಸಿ ಆಕಾಶಗಂಗೆಯನ್ನು ಚಿತ್ರಿಸಿದರು.

ಹೀಗೆ ಚೂರುಚೂರಾಗಿ ಬೆಳಕನ್ನು ಕೂಡಿಡುವ ಉಪಾಯವು ನಮ್ಮಲ್ಲಿಯೂ ಉಂಟು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಮೇಲೇರಿ, ಸುಮಾರು 650 ಕಿಲೋಮೀಟರು ಎತ್ತರದ ಕಕ್ಷೆಯನ್ನು ಸೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ನೇರಳಾತೀತ ದೂರದರ್ಶಕವಿದೆ. ಅದು ತನ್ನ ಕಕ್ಷೆಯ ರಾತ್ರಿಯ ಭಾಗದಲ್ಲಿ ಕಣ್ಣು ತೆರೆದು, ಸೆಕೆಂಡಿಗೆ ಹಲವಾರು ಚಿತ್ರಗಳನ್ನು ತೆಗೆಯುತ್ತ ಹೋಗುತ್ತದೆ. ಉಪಗ್ರಹದ ಅಲುಗಾಟವನ್ನು ಲೆಕ್ಕಹಾಕಿ ತಿದ್ದಿ, ಅವನ್ನೆಲ್ಲ ಕೂಡಿಸಿದ ಬಳಿಕವೇ ನಕ್ಷತ್ರಗಳು ಸ್ಫುಟವಾದ ಬಿಂದುಗಳಾಗಿ ನಿಲ್ಲುತ್ತವೆ.

ವಾಚಕರು ತಮ್ಮ ಮನೆಯ ಮಾಳಿಗೆಯಿಂದಲೇ ಈ ಸಂಗತಿಯ ಒಂದು ಅಂಶವನ್ನು ನೋಡಬಹುದು. ಸೂರ್ಯಾಸ್ತವಾಗಿ ಒಂದು ಗಂಟೆ ಕಳೆದ ಮೇಲೆ, ನಿಲ್ದಾಣವು ನಮ್ಮ ನೆತ್ತಿಯ ಮೇಲೆ ಹಾಯುವ ದಿನಗಳಲ್ಲಿ, ಅದು ಮಿನುಗದ ಉಜ್ಜ್ವಲ ತಾರೆಯಂತೆ ಪಶ್ಚಿಮದ ಕಡೆಯಿಂದ ಮೇಲೇರುತ್ತದೆ. ನಮಗೆ ಕತ್ತಲಾಗಿದ್ದರೂ ಅದರ ಮೇಲೆ ಇನ್ನೂ ಬಿಸಿಲಿದೆ. ಪೂರ್ವದ ಕಡೆಗೆ ಸಾಗುತ್ತಿರುವಂತೆಯೇ ಅದು ನಡುಬಾನಿನಲ್ಲಿ ಮಂಕಾಗಿ, ಕೆಲವೇ ಸೆಕೆಂಡುಗಳಲ್ಲಿ ಕಣ್ಮರೆಯಾಗುತ್ತದೆ. ಭೂಮಿಯ ನೆರಳು ಅದನ್ನು ಮುಚ್ಚಿತು. ಅಲ್ಲಿಯ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ಕುಳಿತವರಿಗೆ ನಕ್ಷತ್ರಗಳನ್ನು ತೆಗೆಯುವ ಹೊತ್ತು ಆಗಲೇ ಆರಂಭವಾಗುವುದು.